ಎರಡು ಗುಂಟೆ ಪುಡಿ: ಒಂದು ಪಾತಿ ದೋಣಿಯ ರಿಪೇರಿ

ಹೋದ ವರ್ಷ ನಾನು ಹಾಕಿದ್ದ ತೇಪೆ ಈ ಮೇ ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಒಂದೇ ತುಂಡು, ಅಂಗೈ ಅಗಲ. ದೋಣಿಯ ಯಜಮಾನರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ರೂಮಿಗೇ ತಂದುಕೊಟ್ಟರು. "ತಮ್ಮಾ, ಇದು ನಿನ್ನದೇ ಅಲ್ವಾ?" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅವರೂ ಅಂಕೋಲಾ ಕಡೆಯವರು, ನಾನೂ ಅದೇ ಕಡೆಯವನು. ಇಬ್ಬರೂ ಇರೋದು ಗೋವಾದ ವಾಸ್ಕೋದಲ್ಲಿ. ನನಗೆ ಅವರು ಅಣ್ಣ, ಅವರಿಗೆ ನಾನು ತಮ್ಮ, ಅಷ್ಟೇ ಸಂಬಂಧ. ನಾನು ಹಡಗು ರಿಪೇರಿ ಮಾಡೋ ಕಡೆ ಫೈಬರ್ ಕೆಲಸ ಮಾಡುತ್ತೇನೆ. ಅವರದ್ದು 18 ಅಡಿಯ ಫೈಬರ್ ಪಾತಿ ದೋಣಿ, ಅಂದರೆ ಮೀನು ಹಿಡಿಯೋ ಸಣ್ಣ ದೋಣಿ. ಚಿಕಾಲಿಂ ಹತ್ತಿರ ಝುವಾರಿ ನದಿಯಲ್ಲಿ ಬಲೆ ಬಿಡುತ್ತಾರೆ. ದಡಕ್ಕೆ ಎಳೆಯುವಾಗ ಮೂತಿಯ ಕೆಳಭಾಗ ಚೀರೆಕಲ್ಲಿಗೆ ಉಜ್ಜಿ ಉಜ್ಜಿ ಸೀಳು ಬಿಟ್ಟಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ದೋಣಿ ಟಾರ್ಪಾಲಿನ ಕೆಳಗೆ ಮಗುಚಿ ಬಿದ್ದಿರುತ್ತೆ. ಆ ಎರಡು ತಿಂಗಳೇ ನನಗಿದ್ದ ಸಮಯ.

ಮೊದಲು ಎದ್ದು ಬಂದ ತೇಪೆಯನ್ನೇ ನೋಡಿದೆ. ತೇಪೆಯ ಗಾಜಿನ ಬಟ್ಟೆ ಚೆನ್ನಾಗಿಯೇ ಇತ್ತು. ಬಿಟ್ಟುಕೊಂಡದ್ದು ಅದರ ಕೆಳಗಿನ ಪುಟ್ಟಿ, ಅಂದರೆ ರೆಸಿನ್ ಅನ್ನೋ ಅಂಟಿಗೆ ಪುಡಿ ಕಲಸಿ ಮಾಡಿದ ಮುದ್ದೆ. ಅರ್ಧ ಪುಟ್ಟಿ ತೇಪೆಯಲ್ಲಿ, ಅರ್ಧ ದೋಣಿಯಲ್ಲಿ. ಅಂದರೆ ಅಂಟು ಬಿಟ್ಟದ್ದಲ್ಲ, ಪುಟ್ಟಿಯೇ ನಡುವೆ ಸೀಳಿದೆ. ಒಡೆದ ಮುಖದ ತುಂಬ ಎಳ್ಳು ಗಾತ್ರದ ಬಿಳಿ ಚುಕ್ಕಿ. ಒಂದನ್ನು ಉಗುರಿನಿಂದ ಕೆದಕಿದೆ. ಒಣ ಪುಡಿ ಉದುರಿತು! ಒಂದು ವರ್ಷ ಉಪ್ಪುನೀರಲ್ಲಿ ಓಡಾಡಿದ ದೋಣಿ, ಆ ಚುಕ್ಕಿಯೊಳಗೆ ಮಾತ್ರ ರೆಸಿನ್ ಒಂದು ಹನಿಯೂ ಹೋಗಿರಲಿಲ್ಲ.

ಅದು ಫ್ಯೂಮ್ಡ್ ಸಿಲಿಕಾ. ನಮ್ಮ ಕೆಲಸದವರ ಬಾಯಲ್ಲಿ ಯಾವ ಕಂಪನಿಯದಾದರೂ ಏರೋಸಿಲ್. ರೆಸಿನ್ ಹರಿದು ಹೋಗಬಾರದು ಅಂತ ಹಾಕುತ್ತೇವೆ. ಹೋದ ವರ್ಷ ಕೈಗೆ ಬಂದಷ್ಟು ಸುರಿದು ಕೋಲಿನಲ್ಲಿ ತಿರುವಿದ್ದೆ. ರಾಗಿ ಮಣ್ಣಿ ಕಾಸುವಾಗ ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಕಲಸದೆ ಬಿಸಿನೀರಿಗೆ ಸುರಿದರೆ ಏನಾಗುತ್ತೋ ಅದೇ ಆಗಿತ್ತು. ಗಂಟು.

ಡೊಂಬಿವಲಿಯಲ್ಲಿ ಬಣ್ಣದ ಕೆಮಿಕಲ್ ಫ್ಯಾಕ್ಟರಿಯಲ್ಲಿರುವ ಭಾವನಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ನೋಡಿ ನಕ್ಕರು. "ಬಾಲ ಇಲ್ಲದ ಪುಡಿ ಹಾಕಿದ್ದೀಯ ಮಾರಾಯ. ಅದು ಅದರ ಜೊತೆಗೇ ಇರುತ್ತೆ, ರೆಸಿನ್ ಜೊತೆ ಯಾಕೆ ಸೇರುತ್ತೆ?"

ಈ "ಬಾಲ" ಅನ್ನೋ ಮಾತು ಅವರದ್ದು. ಅರ್ಥ ಆಗೋಕೆ ನನಗೆ ಎರಡು ಫೋನ್ ಬೇಕಾಯಿತು, ಆದ್ದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಸಿಲಿಕಾನ್ ಟೆಟ್ರಾಕ್ಲೋರೈಡನ್ನು ಹೈಡ್ರೋಜನ್ ಜ್ವಾಲೆಯಲ್ಲಿ ಸುಟ್ಟು ಈ ಪುಡಿ ಮಾಡುತ್ತಾರೆ. ಯಾರ್ಡಿನಲ್ಲಿ ಸಿಗುವ ಸಾಮಾನ್ಯ ಜಾತಿಯಲ್ಲಿ ಒಂದೊಂದು ಕಣ ಸುಮಾರು 12 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಬಿಡಿಯಾಗಿ ಇರೋದಿಲ್ಲ, ಬೆಂಕಿಯಲ್ಲಿ ಇರುವಾಗಲೇ ಮಣಿಸರದ ಹಾಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಆ ಸರಗಳ ಮೈಮೇಲೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳ ಮುಳ್ಳು. ಈ ಮುಳ್ಳುಗಳಿಗೆ ಒಂದರ ಮೇಲೊಂದಕ್ಕೆ ಭಾರಿ ಪ್ರೀತಿ. ಹಾಗಾಗಿ ಸರಗಳು ತಮ್ಮತಮ್ಮಲ್ಲೇ ಕಚ್ಚಿಕೊಂಡು ಗಂಟಾಗುತ್ತವೆ. ರೆಸಿನ್ ಗಂಟಿನ ಸುತ್ತ ನಿಲ್ಲುತ್ತೆ, ಒಳಗೆ ಬರೋದಿಲ್ಲ. ಭಾರ ಬಿದ್ದಾಗ ಆ ಗಂಟು ಬಲ ಕೊಡೋದಿರಲಿ, ಸೀಳು ಶುರುವಾಗೋಕೆ ಜಾಗ ಮಾಡಿಕೊಡುತ್ತೆ.

ಕಣದ ಮೈಗೆ ಉದ್ದದ ಅಣುಸರಪಣಿಗಳನ್ನು, ಅಂದರೆ ಭಾವ ಹೇಳಿದ ಬಾಲಗಳನ್ನು, ಒಂದು ತುದಿಯಲ್ಲಿ ಗಟ್ಟಿಯಾಗಿ ಕಟ್ಟಿಬಿಟ್ಟರೆ ಎರಡು ಕೆಲಸ ಒಟ್ಟಿಗೆ ಆಗುತ್ತೆ. ಕಣಕ್ಕೆ ಕಣ ತಾಗದ ಹಾಗೆ ಬಾಲಗಳು ಅಡ್ಡ ನಿಲ್ಲುತ್ತವೆ. ಇನ್ನೊಂದು ತುದಿ ಸುತ್ತಲಿನ ಪ್ಲಾಸ್ಟಿಕ್ಕಿನೊಳಗೆ ಹೋಗಿ ಅದರ ಸರಪಣಿಗಳ ಜೊತೆ ಸಿಕ್ಕುಹಾಕಿಕೊಳ್ಳುತ್ತೆ. ಎಳೆದರೆ ಭಾರ ಕಣದವರೆಗೂ ಮುಟ್ಟುತ್ತೆ. ಬಾಲ ಗಿಡ್ಡ ಇದ್ದರೆ ಸಿಕ್ಕೇ ಬೀಳಲ್ಲ, ಜಾರಿ ಹೋಗುತ್ತೆ. ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕಿನಲ್ಲಿ ಸರಪಣಿಯ ಅಣುತೂಕ ಸುಮಾರು 18 ಸಾವಿರ ದಾಟಿದ ಮೇಲೇ ಸಿಕ್ಕು ಶುರು. ಬಾಲ ತೀರಾ ಒತ್ತೊತ್ತಾಗಿ ಇದ್ದರೂ ಕಷ್ಟ, ಹೊರಗಿನ ಸರಪಣಿಗಳಿಗೆ ಒಳಗೆ ಬರಲು ಸಂದಿಯೇ ಇರಲ್ಲ. ಲ್ಯಾಬುಗಳಲ್ಲಿ ಬಾಲ ಕಟ್ಟೋಕೆ ಎರಡು ದಾರಿ. ಒಂದು, ಸಸಿ ಕಿತ್ತು ತಂದು ನಾಟಿ ಮಾಡಿದ ಹಾಗೆ, ಬೆಳೆದ ಸರಪಣಿಯನ್ನು ತಂದು ಕಣಕ್ಕೆ ಅಂಟಿಸೋದು. ಮೊದಲು ಬಂದವು ಜಾಗ ಹಿಡಿದು ನಂತರದವಕ್ಕೆ ಅಡ್ಡ ಬರುತ್ತವೆ, ಹಾಗಾಗಿ ವಿರಳ. ಇನ್ನೊಂದು, ಕಣದ ಮೈಮೇಲೇ ಬೀಜ ಬಿತ್ತಿ ಸರಪಣಿಯನ್ನು ಅಲ್ಲಿಂದಲೇ ಬೆಳೆಸೋದು. ಇದು ಒತ್ತಾಗಿ ಬರುತ್ತೆ.

ಇದು ಬರೀ ಲ್ಯಾಬಿನ ಮಾತಲ್ಲ. ಟೊಯೋಟಾದ ಸಂಶೋಧನಾ ವಿಭಾಗದವರು 1980ರ ದಶಕದಲ್ಲೇ ಜೇಡಿಮಣ್ಣಿನ ಹಾಳೆಗಳ ಮೇಲಿಂದ ನೈಲಾನ್ ಸರಪಣಿ ಬೆಳೆಸಿದ್ದರು. ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ನೂರಕ್ಕೆ ನಾಲ್ಕೈದು ಪಾಲು ಮಣ್ಣು, ಅಷ್ಟಕ್ಕೇ ನೈಲಾನಿನ ಬಿಗಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಭಾರ ಹೊತ್ತು ಮೆತ್ತಗಾಗುವ ಉಷ್ಣತೆ ಸುಮಾರು 80 ಡಿಗ್ರಿ ಮೇಲೆ ಹೋಯಿತು. ಅದೇ ಮಣ್ಣನ್ನು ಸುಮ್ನೆ ಕಲಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವರು ಬಲೆ ಹೊಲಿಯುತ್ತಾ ಕೂತಿದ್ದರು. "ಅಂದರೆ, ಸೀಸದ ಗುಂಡು ಬಲೆಗೆ ಕಟ್ಟಿದ್ದರೆ ಬಲೆಯದ್ದು. ಸುಮ್ನೆ ಬಿದ್ದ ಕಲ್ಲಾದರೆ ಬಲೆ ಹರಿಯುತ್ತೆ. ಇಷ್ಟೇ ತಾನೇ?" ಅಂದರು. ನಾನು ಒಂದು ಗಂಟೆ ಮಾತಾಡಿದ್ದು ದಂಡ.

ನನ್ನ ಕೈಗೆ ಎಟುಕುವ ಬಾಲ ಯಾವುದು? ಭಾವ ಎರಡು ಸಾಮಾನು ತಂದುಕೊಟ್ಟರು. ಒಂದು, ಕಾರ್ಖಾನೆಯಲ್ಲೇ ಸಿಲಿಕೋನ್ ಎಣ್ಣೆಯ ಸರಪಣಿ ಕಟ್ಟಿದ ಸಿಲಿಕಾ ಪುಡಿ, ಬಣ್ಣದ ಕೆಲಸಕ್ಕೆ ಬಳಸುವಂಥದ್ದು. ಇನ್ನೊಂದು, ಸಣ್ಣ ಬಾಟಲಿಯಲ್ಲಿ ಗ್ಲೈಸಿಡಾಕ್ಸಿ ಸೈಲೇನ್. ಇದರ ಒಂದು ತುದಿ ಸಿಲಿಕಾಕ್ಕೆ ಬೆಸೆಯುತ್ತೆ. ಇನ್ನೊಂದು ತುದಿಯಲ್ಲಿ ಎಪಾಕ್ಸಿಯದ್ದೇ, ಅಂದರೆ ನಾನು ಬಳಸುವ ರೆಸಿನ್ ಜಾತಿಯದ್ದೇ, ಅಣುಗಳ ಉಂಗುರ ಇರುತ್ತೆ, ಗಟ್ಟಿ ಮಾಡುವ ಹಾರ್ಡನರ್ ಬಂದಾಗ ಅದೂ ರೆಸಿನ್ ಜೊತೆಗೇ ಗಟ್ಟಿಯಾಗುತ್ತೆ. ಸೈಲೇನ್ ತಾನಾಗಿ ಚಿಕ್ಕ ಅಣು, ಸರಪಣಿ ಅನ್ನೋಕಾಗಲ್ಲ. ಆದರೆ ಗಟ್ಟಿಯಾದ ಮೇಲೆ ಇಡೀ ಎಪಾಕ್ಸಿ ಬಲೆಯೇ ಆ ಕಣದ ಬಾಲ.

ಸಿಲಿಕೋನ್ ಬಾಲದ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ನೋಡಿದೆ. ಮುಳುಗಲಿಲ್ಲ. ಬೆರಳಿನಿಂದ ಒತ್ತಿ ಮುಳುಗಿಸಿದರೆ ಬೆಳ್ಳಿ ಬಣ್ಣಕ್ಕೆ ಹೊಳೆದು ಮತ್ತೆ ಮೇಲೆ ಬಂತು, ಬೆರಳು ಒಣಗಿಯೇ ಇತ್ತು. ಕೆಸುವಿನ ಎಲೆಯ ಮೇಲೆ ನೀರು ಬಿದ್ದ ಹಾಗೆ. ಮಾಮೂಲಿ ಪುಡಿ ಕ್ಷಣದಲ್ಲಿ ನೀರು ಕುಡಿದು ಲೋಳೆಯಾಯಿತು. ಎರಡೂ ನೋಡೋಕೆ ಒಂದೇ, ಗುರುತೇ ಸಿಗಲ್ಲ.

ದೋಣಿಗೆ ಕೈ ಹಾಕುವ ಮೊದಲು ಪಟ್ಟಿ ಮಾಡಿ ಮುರಿದು ನೋಡೋಣ ಅಂತ ಕೂತೆ. ಗಾಜಿಗೆ ಮೇಣ ಹಚ್ಚಿ, ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಎಪಾಕ್ಸಿ ಸುರಿದೆ. ರೆಸಿನ್ ಎಲ್‌ವೈ 556, ಹಾರ್ಡನರ್ ಎಚ್‌ವೈ 951, ತೂಕದಲ್ಲಿ 10ಕ್ಕೆ 1. ಪಟ್ಟಿ 1 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ. ಪುಡಿ ಹಾಕಿದ ಕಡೆಯೆಲ್ಲ ರೆಸಿನಿನ ತೂಕದ 3 ಪರ್ಸೆಂಟ್. ಡ್ರಿಲ್ ಮಷೀನಿಗೆ ಬಗ್ಗಿಸಿದ ಸರಳು ಹಾಕಿ 20 ನಿಮಿಷ ತಿರುವಿದೆ. ರೆಸಿನ್ ಡಬ್ಬವನ್ನು ಬಿಸಿನೀರಲ್ಲಿ ಇಟ್ಟು ಗುಳ್ಳೆ ಹೋಗಲು ಬಿಟ್ಟೆ, ಡಬ್ಬ ಆರಿದ ಮೇಲೆಯೇ ಹಾರ್ಡನರ್ ಹಾಕಿದೆ. ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಒಂದು ಲೀಟರ್ ಡಬ್ಬದಲ್ಲಿ ಈ ಪುಡಿ ತೂಗಿದರೆ 50 ಗ್ರಾಂ ಬಂದರೆ ಹೆಚ್ಚು, ಉಸಿರು ಬಿಟ್ಟರೆ ಹಾರುತ್ತೆ.

ಒಂದು ವಾರ ಬಿಟ್ಟು ಮುರಿದೆ. 10 ಸೆಂಟಿಮೀಟರ್ ಅಂತರದಲ್ಲಿ ಎರಡು ಇಟ್ಟಿಗೆ, ಮೇಲೆ ಪಟ್ಟಿ, ನಡುವೆ ಕೊಕ್ಕೆ, ಕೊಕ್ಕೆಗೆ ಬಕೆಟ್. ಅರ್ಧ ಲೀಟರ್ ಮಗ್ಗಿನಿಂದ ನೀರು ಸುರಿಯುತ್ತಾ ಹೋಗೋದು. ಬರೀ ಎಪಾಕ್ಸಿ ಮೂರು ಪಟ್ಟಿ: ಏಳೂವರೆ, ಎಂಟು, ಎಂಟೂವರೆ ಲೀಟರಿಗೆ ಹೋದವು. ಮುರಿಯುವ ಮೊದಲು ಪಟ್ಟಿ ಬೆರಳು ದಪ್ಪದಷ್ಟು ಬಾಗುತ್ತೆ, ಆಮೇಲೆ ಟಪ್ ಅಂತ ಒಂದೇ ಶಬ್ದ, ಬಕೆಟ್ ನೆಲಕ್ಕೆ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ನೋಡಿ ಹೋದರು.

ಮಾಮೂಲಿ ಸಿಲಿಕಾ: ಐದು, ಆರು, ಏಳೂವರೆ. ಕಡಿಮೆಯೇ ಆಯಿತು! ಬಲಕ್ಕೆ ಅಂತ ಹಾಕಿದ ಪುಡಿ ಬಲವನ್ನೇ ತಿಂದಿತ್ತು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಬರೀ ಎಪಾಕ್ಸಿಯ ಮುಖ ಕನ್ನಡಿಯಂತೆ ನುಣುಪು. ಇದರಲ್ಲಿ, ಕೆಳಗಿನ ಅಂಚಿನ ಹತ್ತಿರ ಒಂದು ಬಿಳಿ ಚುಕ್ಕಿ, ಅಲ್ಲಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಗೆರೆಗಳು ಹರಡಿದ್ದವು. ಸೀಳು ಹುಟ್ಟಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಸಿಲಿಕೋನ್ ಬಾಲದ್ದು: ಏಳು, ಏಳು, ಎಂಟು. ಗಂಟು ಕಾಣಲಿಲ್ಲ, ಸೊಗಸಾಗಿ ಬೆರೆತಿತ್ತು. ಆದರೂ ಬರೀ ಎಪಾಕ್ಸಿಗಿಂತ ಮೇಲೆ ಹೋಗಲಿಲ್ಲ. ಬಾಲ ಇದೆ, ಆದರೆ ಸಿಲಿಕೋನಿಗೂ ಎಪಾಕ್ಸಿಗೂ ಕೂಡಿಬರಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಸೈಲೇನ್ ಕಟ್ಟಿದ್ದರ ಮೇಲೆ ನನ್ನ ಆಸೆಯೆಲ್ಲ ಇತ್ತು. ಆರೂವರೆ, ಏಳೂವರೆ, ಎಂಟು.

ಇಷ್ಟೇನಾ? ಎರಡು ದಿನ ಬೇಜಾರಿನಲ್ಲಿ ಬಾಟಲಿ ಮುಟ್ಟಲಿಲ್ಲ. ಮಳೆ ಬೇರೆ ಜೋರು. ಆಮೇಲೆ ಭಾವ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಪುಡಿಗೆ ಎಷ್ಟು ಸೈಲೇನ್ ಹಾಕಿದೆ?" 20 ಗ್ರಾಂ ಪುಡಿಗೆ 0.2 ಗ್ರಾಂ, ಅಂದೆ. ನೂರಕ್ಕೆ ಒಂದು, ಸಾಮಾನ್ಯ ಭರ್ತಿ ಪುಡಿಗೆಲ್ಲ ಹಾಗೇ ಹಾಕುತ್ತಾರೆ ಅಂತ ಕೇಳಿದ್ದೆ.

"ಪುಡಿಯ ಮೈ ಎಷ್ಟು ಅಂತ ಲೆಕ್ಕ ಹಾಕಿದೆಯಾ?"

ಇಲ್ಲ. ಹಾಕಿದಾಗ ತಲೆ ತಿರುಗಿತು. ಪೊಟ್ಟಣದ ಮೇಲೇ ಇತ್ತು: ಗ್ರಾಮಿಗೆ 200 ಚದರ ಮೀಟರ್. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಒಂದು ಗ್ರಾಂ ಪುಡಿಯಲ್ಲಿ ಎರಡು ಗುಂಟೆ ಮೈ! 20 ಗ್ರಾಮಿಗೆ 40 ಗುಂಟೆ, ಹೆಚ್ಚುಕಡಿಮೆ ಒಂದು ಎಕರೆ. ಊರಲ್ಲಿ ನಮ್ಮ ಗದ್ದೆಯೇ ಅಷ್ಟಿಲ್ಲ. ಈ ಸೈಲೇನ್ ಒಂದು ಗ್ರಾಮಿಗೆ ಒಂದು ಅಣು ದಪ್ಪದಲ್ಲಿ ಸುಮಾರು 330 ಚದರ ಮೀಟರ್ ಹೊದಿಸುತ್ತೆ. ನಾನು ಹಾಕಿದ 0.2 ಗ್ರಾಂ ಒಂದು ಗುಂಟೆಗೂ ಸಾಲದು. ಒಂದು ಎಕರೆ ಗದ್ದೆಗೆ ಒಂದು ಮೂಲೆಯಲ್ಲಿ ಮಾತ್ರ ಸಸಿ ನೆಟ್ಟು, ಬೆಳೆ ಬರಲಿಲ್ಲ ಅಂತ ಅಳುತ್ತಾ ಕೂತಿದ್ದೆ. ಬೇಕಾಗಿದ್ದು ಸುಮಾರು 12 ಗ್ರಾಂ. ನನ್ನ ಅಂದಾಜಿಗೂ ಅಗತ್ಯಕ್ಕೂ 60 ಪಟ್ಟು ಅಂತರ. ಮರಳಿನಂಥ ದಪ್ಪ ಪುಡಿಯ ಲೆಕ್ಕವನ್ನು ನ್ಯಾನೋ ಪುಡಿಗೆ ತಂದು ಹಚ್ಚಿದ್ದೇ ತಪ್ಪು.

ಎರಡನೇ ಸಲ ಮಾಡಿದ್ದನ್ನು ಬರೆದಿಡುತ್ತೇನೆ. ಐಸೊಪ್ರೊಪೈಲ್ ಆಲ್ಕೋಹಾಲ್ 95 ಪಾಲು, ನೀರು 5 ಪಾಲು, ಎಲ್ಲ ಸೇರಿ 600 ಮಿಲಿಲೀಟರ್. ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ ನಾಲ್ಕೂವರೆಯಿಂದ ಐದರ ಒಳಗೆ ಬರುವವರೆಗೆ ಅಸಿಟಿಕ್ ಆಮ್ಲ ಹನಿಹನಿಯಾಗಿ. ಅದಕ್ಕೆ 12 ಗ್ರಾಂ ಸೈಲೇನ್, ಕಲಕುತ್ತಾ ಸ್ವಲ್ಪ ಹೊತ್ತು. ಆಮೇಲೆ 20 ಗ್ರಾಂ ಸಿಲಿಕಾ ಸ್ವಲ್ಪ ಸ್ವಲ್ಪವೇ. ಎರಡು ಗಂಟೆ ಡ್ರಿಲ್ಲಿನಲ್ಲಿ ತಿರುವಿದೆ, ನಡುನಡುವೆ ಡ್ರಿಲ್ ಆರಲು ಬಿಟ್ಟು. ಇದೆಲ್ಲ ಹೊರಗಿನ ಜಗಲಿಯಲ್ಲಿ, ಒಲೆ ಬೀಡಿ ಯಾವುದೂ ಹತ್ತಿರ ಇಲ್ಲದ ಕಡೆ. ಆಲ್ಕೋಹಾಲ್ ಹೊತ್ತಿಕೊಳ್ಳುತ್ತೆ. ಜೊತೆಗೆ ಸೈಲೇನ್ ಬಿಚ್ಚಿಕೊಳ್ಳುವಾಗ ಮೆಥನಾಲ್ ಹೊರಡುತ್ತೆ, ಅದು ವಿಷ. ತಟ್ಟೆಯಲ್ಲಿ ಹರವಿ ಮೂರು ದಿನ ಒಣಗಲು ಬಿಟ್ಟೆ. ಆಲ್ಕೋಹಾಲ್ ವಾಸನೆ ಪೂರಾ ಹೋದ ಮೇಲೆ ಮಾತ್ರ ಹಳೇ ಓವನ್ನಿನಲ್ಲಿ 110 ಡಿಗ್ರಿ. ಆ ಓವನ್ನಿನಲ್ಲಿ ಇನ್ನು ಅಡುಗೆ ಮಾಡುವಂತಿಲ್ಲ. ಹೊರಬಂದದ್ದು ಒಣ ಕೆಸರಿನ ಚಕ್ಕೆಯಂಥದ್ದು. ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ.

ಪಟ್ಟಿ: ಒಂಬತ್ತು, ಒಂಬತ್ತೂವರೆ, ಆರು. ಆರಕ್ಕೆ ಹೋದದ್ದರಲ್ಲಿ ನಡುವೆಯೇ ಸಾಸಿವೆ ಗಾತ್ರದ ಗುಳ್ಳೆ ಇತ್ತು. ಉಳಿದೆರಡರ ಮುಖ ಕನ್ನಡಿಯಂತಿರಲಿಲ್ಲ, ಉಗುರಿಗೆ ತರಿತರಿ ತಾಗುತ್ತಿತ್ತು. ಸೀಳು ನೇರ ಓಡದೆ ತಡವರಿಸುತ್ತಾ ಹೋಗಿದೆ ಅಂತ ಅರ್ಥ. ಮೂರು ಮೂರು ಪಟ್ಟಿ, ಒಂದು ಬಕೆಟ್, ಇದನ್ನು ಪರೀಕ್ಷೆ ಅಂತ ಯಾರ ಮುಂದೆಯೂ ಇಡುವಂತಿಲ್ಲ. ನನಗೆ ಪುಟ್ಟಿ ಆರಿಸೋಕೆ ಸಾಕಿತ್ತು. ಭಾವ ಒಂದು ಮಾತು ಸೇರಿಸಿದರು: ಕಟ್ಟು ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು ಅಂತ ತಿಳ್ಕೋಬೇಡ. ಕೆಲವು ಎಪಾಕ್ಸಿಗಳಲ್ಲಿ ಕಣ ಸ್ವಲ್ಪ ಬಿಟ್ಟುಕೊಂಡು ಸುತ್ತಲಿನ ರೆಸಿನ್ ಹಿಗ್ಗಿದರೇ ಸೀಳಿನ ಜೋರು ಇಳಿಯೋದು.

ಜುಲೈ ಎರಡನೇ ವಾರ ದೋಣಿಗೆ ಇಳಿದೆ. ಗ್ರೈಂಡರಿನಲ್ಲಿ ಹಳೇ ಪುಟ್ಟಿ ಪೂರಾ ತೆಗೆದೆ, ಗಟ್ಟಿ ಫೈಬರ್ ಸಿಗುವವರೆಗೆ. ದೋಣಿಯ ದಪ್ಪ 5 ಮಿಲಿಮೀಟರ್. 1ಕ್ಕೆ 12ರ ಇಳಿಜಾರು, ಅಂದರೆ ಸುತ್ತಲೂ 60 ಮಿಲಿಮೀಟರ್ ಸವರಿದೆ. ಹೋದ ವರ್ಷ ಇಳಿಜಾರೇ ಕೊಟ್ಟಿರಲಿಲ್ಲ. ಅದೂ ಒಂದು ತಪ್ಪು, ಎಲ್ಲ ಪಾಪ ಪುಡಿಯ ತಲೆಗೆ ಕಟ್ಟಬಾರದು. ಹ್ಯಾಲೊಜನ್ ದೀಪ ಇಟ್ಟು ಎರಡು ದಿನ ಒಣಗಿಸಿದೆ, ಆಮೇಲೆ ಅಸಿಟೋನ್. ದೋಣಿ ಪಾಲಿಯೆಸ್ಟರ್ ರೆಸಿನಿನದ್ದು, ಮೇಲೆ ಹಾಕೋದು ಎಪಾಕ್ಸಿ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತೆ, ಉಲ್ಟಾ ಆದರೆ ನಂಬಬೇಡಿ.

ಪುಟ್ಟಿ ಕಲಸುವಾಗ ಒಂದು ವಿಚಿತ್ರ. 200 ಗ್ರಾಂ ರೆಸಿನಿಗೆ 10 ಗ್ರಾಂ ಬಾಲದ ಪುಡಿ ಹಾಕಿದರೂ ದಪ್ಪ ಆಗಲೇ ಇಲ್ಲ, ದೋಸೆ ಹಿಟ್ಟಿನ ಹಾಗೆ ಹರಿಯಿತು. ಯೋಚಿಸಿದರೆ ಸರಿಯೇ. ಮಾಮೂಲಿ ಸಿಲಿಕಾ ರೆಸಿನನ್ನು ದಪ್ಪ ಮಾಡೋದೇ ಕಣಗಳು ಒಂದನ್ನೊಂದು ಕೈಹಿಡಿದು ಜಾಲ ಕಟ್ಟೋದರಿಂದ. ಆ ಕೈ ಬಿಡಿಸೋಕೆ ತಾನೇ ನಾನು ಒಂದು ತಿಂಗಳು ಒದ್ದಾಡಿದ್ದು? ಗಾಜಿನ ಬಟ್ಟೆಯ ಎಳೆಗಳನ್ನು ಕಾಲು ಇಂಚಿಗೆ ಕತ್ತರಿಸಿ ಸೇರಿಸಿದೆ. ಕೇಸರಿಬಾತಿನ ಹದಕ್ಕೆ ಬಂತು.

ಆತುರದಲ್ಲಿ ಹಾರ್ಡನರನ್ನು ಪೂರ್ತಿ 200 ಗ್ರಾಮಿಗೂ ಒಂದೇ ಮಗ್ಗಿನಲ್ಲಿ ಹಾಕಿಬಿಟ್ಟೆ. ಅರ್ಧ ಹಚ್ಚುವಷ್ಟರಲ್ಲಿ ಮಗ್ಗು ಕೈ ಸುಡತೊಡಗಿತು, ಹೊಗೆ ಬಂತು. ಮಗ್ಗಿನಲ್ಲಿ ಉಳಿದದ್ದು ಕಲ್ಲು. ದೊಡ್ಡ ಮುದ್ದೆಯಲ್ಲಿ ಬಿಸಿ ಹೊರಗೆ ಹೋಗಲ್ಲ ಅಂತ ಗೊತ್ತಿದ್ದೂ ಮಾಡಿದ್ದು. ಅದೃಷ್ಟಕ್ಕೆ ಗುಂಡಿ ತುಂಬಲು ಆ ಅರ್ಧವೇ ಸಾಕಾಯಿತು. ಮೇಲೆ ಚದರ ಮೀಟರಿಗೆ 400 ಗ್ರಾಂ ತೂಗುವ ನೇಯ್ದ ಗಾಜಿನ ಬಟ್ಟೆ, 10 ಪದರ, ಎರಡು ದಿನಕ್ಕೆ ಐದೈದು. ಈ ಬಟ್ಟೆಯ ಎಳೆಗಳಿಗೂ ಕಾರ್ಖಾನೆಯಲ್ಲೇ ಸೈಲೇನ್ ಹಚ್ಚಿರುತ್ತಾರಂತೆ. ಇಷ್ಟು ವರ್ಷ ಬಾಲದ ಸಾಮಾನನ್ನೇ ಕೈಯಲ್ಲಿ ಹಿಡಿದಿದ್ದೆ, ಗೊತ್ತಿರಲಿಲ್ಲ.

ಮೊದಲ ಐದು ಪದರದ ಮೇಲೆ ಬೆಳಗ್ಗೆ ಜಿಡ್ಡು ಜಿಡ್ಡು ಬಿಳಿ ಪೊರೆ. ಮಳೆಗಾಲದ ತೇವಕ್ಕೆ ಹಾರ್ಡನರ್ ಮೇಲೆ ಬಂದು ಹೀಗೆ ಮಾಡುತ್ತೆ. ಅದರ ಮೇಲೇ ಮುಂದಿನ ಪದರ ಹಾಕಿದ್ದರೆ ಇನ್ನೊಂದು ಹಪ್ಪಳ ಸಿದ್ಧ. ಬಿಸಿನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಮತ್ತೆ ಒಣಗಿಸಿ ಸ್ಯಾಂಡ್ ಪೇಪರ್, ಆಮೇಲೆ ಉಳಿದ ಐದು. ಕೊನೆಗೆ ಪಿಯು (ಪಾಲಿಯುರೆಥೇನ್) ಬಣ್ಣ, ಅಣ್ಣನ ಇಷ್ಟದ ಹಸಿರು.

ಆಗಸ್ಟಿನಲ್ಲಿ ದೋಣಿ ನೀರಿಗಿಳಿಯಿತು. ಮೂರು ವಾರ ಬಿಟ್ಟು ಒಂದು ಭಾನುವಾರ ಮಗುಚಿಸಿ, ಐದು ರೂಪಾಯಿ ನಾಣ್ಯದಿಂದ ತೇಪೆಯ ಸುತ್ತ ತಟ್ಟುತ್ತಾ ಬಂದೆ. ಒಳಗೆ ಎದ್ದಿದ್ದರೆ ಡಬ್ ಅನ್ನುತ್ತೆ. ಎಲ್ಲ ಕಡೆ ಟಣ್ ಟಣ್. ಒಂದು ಕಡೆ ಮಾತ್ರ ಅನುಮಾನ ಬಂದು ಮೂರು ಸಲ ತಟ್ಟಿದೆ. ಅಣ್ಣ ಕಿವಿ ಹತ್ತಿರ ತಂದು ಕೇಳಿ, "ಅದು ನಿನ್ನ ತೇಪೆ ಅಲ್ಲ ತಮ್ಮಾ, ಅಲ್ಲಿ ಒಳಗೆ ಮರದ ಪಟ್ಟಿ ಇದೆ" ಅಂದರು. ಹೌದು, ಇತ್ತು.

ಡಬ್ಬದಲ್ಲಿ ಇನ್ನೂ 8 ಗ್ರಾಂ ಪುಡಿ ಉಳಿದಿದೆ. ಅಣ್ಣನ ಪಕ್ಕದ ದೋಣಿಯವರು ಆಗಲೇ ಎರಡು ಸಲ ಕೇಳಿದ್ದಾರೆ.